ಎಳನೀರು ಎಳೆಯುವುದು ನೀವಲ್ಲ!

ನಿಮಗಿದು ಗೊತ್ತೇ? ಎಳನೀರಿಗೆ ಸ್ಟ್ರಾ ಹಾಕಿ ನೀವು ಎಳೆಯುವುದು ನೀರನ್ನಲ್ಲ, ಸ್ಟ್ರಾದೊಳಗಿನ ಗಾಳಿಯನ್ನು. ಅಲ್ಲಿ ಗಾಳಿ ತೆಳುವಾದದ್ದೇ ತಡ, ಹೊರಗಿನ ಗಾಳಿ ಕಾಯಿಯೊಳಗಿನ ನೀರನ್ನು ಒತ್ತಿ ಬಾಯಿಗೆ ತಳ್ಳುತ್ತದೆ. ನಂಬಿಕೆಯಿಲ್ಲವೇ? ಸ್ಟ್ರಾದ ಸುತ್ತಲಿನ ಕಿಂಡಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಕುಡಿಯಿರಿ. ಕೆನ್ನೆ ಒಳಕ್ಕೆ ಹೋಗುತ್ತದೆ, ನೀರು ಮೇಲೆ ಬರುವುದಿಲ್ಲ.

ಆ ಗಾಳಿ ಸಾಮಾನ್ಯದ್ದಲ್ಲ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರ! ಚಾಚಿದ ಅಂಗೈ ಮೇಲೆ ಒಂದು ಕ್ವಿಂಟಾಲಿಗೂ ಹೆಚ್ಚು. ಕೈ ಕುಸಿಯದಿರುವುದೇಕೆ ಅಂದರೆ, ಕೆಳಗಿನಿಂದಲೂ ಗಾಳಿ ಅಷ್ಟೇ ಜೋರಾಗಿ ಮೇಲಕ್ಕೆ ಒತ್ತುತ್ತಿದೆ.

ಜರ್ಮನಿಯ ಮ್ಯಾಗ್ಡೆಬರ್ಗ್ ನಗರದ ಮೇಯರ್ ಒಟ್ಟೊ ಫಾನ್ ಗೆರಿಕೆ 1657ರಲ್ಲಿ ಎರಡು ಲೋಹದ ಅರೆಗೋಳಗಳನ್ನು ಜೋಡಿಸಿ ಒಳಗಿನ ಗಾಳಿ ತೆಗೆಸಿದ. ಆ ಕಡೆ ಎಂಟು, ಈ ಕಡೆ ಎಂಟು ಕುದುರೆ ಕಟ್ಟಿ ಎಳೆಸಿದ. ಹೊರಗಿನ ಗಾಳಿ ಗೋಳವನ್ನು ಅಷ್ಟು ಬಿಗಿಯಾಗಿ ಒತ್ತಿ ಹಿಡಿದಿತ್ತು, ಬಿಡಿಸುವುದು ಕುದುರೆಗಳಿಗೆ ಆಗಲಿಲ್ಲ. (ಒಂದು ಕಡೆಯನ್ನು ಮರಕ್ಕೆ ಕಟ್ಟಿ ಇನ್ನೊಂದು ಕಡೆ ಎಂಟೇ ಕುದುರೆ ಹೂಡಿದ್ದರೂ ಎಳೆತ ಅಷ್ಟೇ. ಆದರೆ ಹದಿನಾರು ಕುದುರೆಯ ಗತ್ತು ಎಲ್ಲಿಂದ ಬರಬೇಕು?)

ಪಂಪು ನೀರೆತ್ತುವುದೂ ಸ್ಟ್ರಾದಂತೆಯೇ. ಬಾವಿಯ ದಡದಲ್ಲಿಟ್ಟ ಪಂಪು, ಮೋಟಾರು ಎಷ್ಟೇ ಎಚ್‌ಪಿಯದಿರಲಿ, ನೀರನ್ನು 10.3 ಮೀಟರಿಗಿಂತ ಮೇಲಕ್ಕೆ ಹೀರಲಾರದು. ಗಾಳಿಗೆ ಎತ್ತಲು ಆಗುವುದೇ ಅಷ್ಟು. ವಾಸ್ತವದಲ್ಲಿ ಏಳೆಂಟು ಮೀಟರಿಗೇ ಸುಸ್ತು. ಆಳದ ಬಾವಿಗಳಲ್ಲಿ ಪಂಪನ್ನೇ ಒಳಗಿಳಿಸಿ ಕೂರಿಸುವುದು ಇದಕ್ಕೇ. ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪು ಹೀರುವ ಗೊಡವೆಗೇ ಹೋಗದೆ ತಳದಿಂದ ನೀರನ್ನು ನೂಕುತ್ತದೆ.

ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಜೊತೆಗೇ ನೀರು ಕುದಿಯುವ ಉಷ್ಣಾಂಶವೂ. ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿಯುವ ನೀರು ಮುಳ್ಳಯ್ಯನಗಿರಿಯ ತುದಿಯಲ್ಲಿ 94ರ ಆಸುಪಾಸಿನಲ್ಲೇ ಕುದಿಯುತ್ತದೆ. ಬೇಳೆ ಬೇಯಲು ಅಲ್ಲಿ ಇನ್ನಷ್ಟು ಕಾಯಬೇಕು.

ಕುಕ್ಕರಿನದು ಇದರ ತಿರುಗುಮುರುಗು. ಒಳಗೆ ಒತ್ತಡ ಏರುತ್ತದೆ, ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಫ್ರಾನ್ಸಿನ ಡೆನಿ ಪಾಪಿನ್ 1679ರಲ್ಲೇ ಇಂಥ ಪಾತ್ರೆ ಮಾಡಿ ಮೂಳೆಯನ್ನೂ ಮೆತ್ತಗಾಗುವಂತೆ ಬೇಯಿಸಿದ್ದ. ಈಗ ಮಜಾ ನೋಡಿ. ವಿಷಲ್ ಕೂರುವ ತೂತು 3 ಮಿಲಿಮೀಟರ್ ಅಗಲವಿದ್ದರೆ, ಚದರ ಸೆಂಟಿಮೀಟರಿಗೆ 1 ಕಿಲೋ ಹೆಚ್ಚುವರಿ ಒತ್ತಡವನ್ನು ತಡೆಯಲು ಬರೀ 70 ಗ್ರಾಂ ತೂಕ ಸಾಕು. ಅದೇ ಒತ್ತಡ 20 ಸೆಂಟಿಮೀಟರ್ ಅಗಲದ ಮುಚ್ಚಳವನ್ನು ನೂಕುವ ಬಲ? ಮೂರು ಕ್ವಿಂಟಾಲು! ಒತ್ತಡ ಒಂದೇ, ಜಾಗ ಹಿಗ್ಗಿತು, ಬಲವೂ ಹಿಗ್ಗಿತು. ಆವಿ ಪೂರ್ತಿ ಇಳಿಯುವ ಮೊದಲೇ ಮುಚ್ಚಳಕ್ಕೆ ಕೈ ಹಾಕಿದರೆ ಅಮ್ಮ ಗದರುವುದು ಸುಮ್ಮನೆ ಅಲ್ಲ.

ಒತ್ತಡ, ಜಾಗದ ಇದೇ ಲೆಕ್ಕ ಟೈರಿಗೂ. ಸಪೂರ ಸೈಕಲ್ ಟೈರಿನೊಳಗಿನ ಒತ್ತಡ ಸಾಮಾನ್ಯವಾಗಿ ಕಾರಿನ ಟೈರಿಗಿಂತ ಹೆಚ್ಚು. ನೆಲಕ್ಕೆ ತಾಗುವ ಜಾಗ ಅಷ್ಟು ಕಿರಿದು.

ಗಾಳಿಯಂತೆ ನೀರೂ ಒತ್ತುತ್ತದೆ. ಕೆಆರ್‌ಎಸ್ ಅಣೆಕಟ್ಟೆ 124.80 ಅಡಿ ತುಂಬಿದಾಗ ತಳದಲ್ಲಿ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 3.8 ಕಿಲೋ. ಹಿನ್ನೀರು ಎಷ್ಟು ದೂರ ಹರಡಿದೆ ಎಂಬುದು ಕಟ್ಟೆಯ ಗೋಡೆಗೆ ಬೇಕಿಲ್ಲ, ಆಳವಷ್ಟೇ ಲೆಕ್ಕ. ಅಷ್ಟೇ ಆಳದ ನೀರು ಒಂದು ಸಪೂರ ಕೊಳವೆಯಲ್ಲಿ ನಿಂತಿದ್ದರೂ ತಳದ ಒತ್ತಡ ಅಷ್ಟೇ.

ಆಸ್ಪತ್ರೆಯ ಡ್ರಿಪ್ ಬಾಟಲಿ ಎತ್ತರದಲ್ಲಿ ತೂಗುವುದೂ ಇದೇ ಲೆಕ್ಕದ ಮೇಲೆ. ರಕ್ತನಾಳದೊಳಗಿನ ಒತ್ತಡವನ್ನು ದ್ರವದ ಒತ್ತಡ ಮೀರಬೇಕು. ಬಾಟಲಿ ಕೈಗಿಂತ ಕೆಳಗಿಳಿದರೆ ರಕ್ತವೇ ನಳಿಕೆಗೆ ಹತ್ತಬಹುದು. ರೋಗಿ ಶೌಚಾಲಯಕ್ಕೆ ಹೊರಟಾಗ ಜೊತೆಗಿದ್ದವರು ಬಾಟಲಿಯನ್ನು ತಲೆಯ ಮೇಲೆತ್ತಿ ಹಿಡಿದು, ತೋಳು ನೋಯುತ್ತಿದ್ದರೂ ಇಳಿಸದೆ ಹಿಂದೆಯೇ ನಡೆಯುತ್ತಾರಲ್ಲ, ಅದಕ್ಕೇ.