ಹರಿಕಥೆಯ ನಗೆ

ಕಾಲಿಗೆ ಗೆಜ್ಜೆಯನ್ನು ಕಟ್ಟಿ, ಕೊರಳಲ್ಲಿ ಹಾರವನ್ನು ಧರಿಸಿ, ಕೈಯಲ್ಲಿ ಚಿಟಿಕೆಯನ್ನು ಹಿಡಿದು ನಿಂತ ಒಬ್ಬನೇ ಮನುಷ್ಯನು ಗಾಯಕನೂ ನಟನೂ ಪಂಡಿತನೂ ವಿದೂಷಕನೂ ಆಗತಕ್ಕ ಕಲೆಯೊಂದು ನಮ್ಮಲ್ಲುಂಟು. ಅದೇ ಹರಿಕಥೆ. ಪದ್ಯವನ್ನು ಹಾಡಿ, ಅದರ ಅರ್ಥವನ್ನು ಬಿಡಿಸಿ, ನಡುನಡುವೆ ಉಪಕಥೆಗಳಿಂದ ನಗಿಸಿ, ಕಡೆಗೆ ಮಂಗಳವನ್ನು ಹಾಡಿ ಸಭೆಯನ್ನು ಬೀಳ್ಕೊಡುವುದು ಅದರ ಕ್ರಮ. ಆ ನಗೆಯು ಏತಕ್ಕಾಗಿ? ಕೇಳುವವರ ತೂಕಡಿಕೆಯನ್ನು ಕಳೆಯುವುದಕ್ಕೆ ಮಾತ್ರವೆ? ಇದನ್ನು ವಾಚಕ ಮಹಾಶಯರೊಡನೆ ಕೊಂಚ ವಿಚಾರಮಾಡಬೇಕೆಂದಿರುವೆನು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗೆ ಈ ಕಲೆಯು ಪರಕೀಯವಾದುದಲ್ಲ. ಹರಿಕಥೆಯ ಜೀವಾಳವು ದಾಸರ ಪದಗಳಷ್ಟೆ. ಆ ದಾಸಪರಂಪರೆಯ ಒಂದು ಬೇರು ಚನ್ನಪಟ್ಟಣಕ್ಕೆ ಸಮೀಪವಾದ ಅಬ್ಬೂರಿನಲ್ಲಿರುವುದು. ಅಲ್ಲಿ ಬ್ರಹ್ಮಣ್ಯತೀರ್ಥರ ವೃಂದಾವನವಿದೆ. ಅವರ ಶಿಷ್ಯರೇ 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಯರು. ಪುರಂದರದಾಸರಿಗೂ ಕನಕದಾಸರಿಗೂ ಗುರುಗಳು. ದೊಡ್ಡಮಳೂರಿನ ಅಂಬೆಗಾಲುಕೃಷ್ಣನನ್ನು ಕಂಡು ಪುರಂದರದಾಸರು ಹಾಡಿದರೆಂಬ ಪ್ರತೀತಿಯೂ ಈ ಪ್ರಾಂತದಲ್ಲಿ ಮನೆಮಾತಾಗಿರುವುದು. ರಂಗದ ಮೇಲೆ ನಿಂತು ಹೇಳುವ ಈಗಿನ ರೂಪಕ್ಕೆ ಮಹಾರಾಷ್ಟ್ರದ ಕೀರ್ತನವು ನೆರವಾಯಿತು. ಅದು ತಂಜಾವೂರಿಗೆ ಬಂದು, ಸಾಕಿ, ದಿಂಡಿ, ಓವಿಗಳೆಂಬ ಮಟ್ಟುಗಳನ್ನು ದಕ್ಷಿಣದೇಶಕ್ಕೆ ತಂದಿತು. ನಮ್ಮವರು ಅವುಗಳ ಜೊತೆಗೆ ಷಟ್ಪದಿಯನ್ನೂ ದೇವರನಾಮವನ್ನೂ ಹೊಂದಿಸಿ ಹರಿಕಥೆಯನ್ನು ಕನ್ನಡದ ಸ್ವತ್ತನ್ನಾಗಿ ಮಾಡಿಕೊಂಡರು.

ಇನ್ನು ನಗೆಯ ಮಾತು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ಎಂಟು ರಸಗಳಲ್ಲಿ ಒಂದಾಗಿ ಎಣಿಸಿ, ನಗುವಿನಲ್ಲಿ ಆರು ಬಗೆಗಳನ್ನು ಹೇಳಿರುವನು. ಹಲ್ಲು ಕಾಣದ ಸ್ಮಿತ, ಕೊಂಚವೇ ಕಾಣುವ ಹಸಿತ ಇವೆರಡು ಉತ್ತಮರವು. ವಿಹಸಿತ, ಉಪಹಸಿತಗಳು ಮಧ್ಯಮರವು. ಕಣ್ಣೀರು ಸುರಿಯುವಂತೆ, ಪಕ್ಕೆ ಹಿಡಿದುಕೊಳ್ಳುವಂತೆ ನಗುವ ಅಪಹಸಿತ, ಅತಿಹಸಿತಗಳು ಅಧಮರವು. ಹರಿಕಥೆಯ ಸಭೆಯಲ್ಲಾದರೋ ಅಜ್ಜಿಯೂ ಮೊಮ್ಮಗುವೂ, ಶಾಸ್ತ್ರಿಗಳೂ ಒಕ್ಕಲಮಗನೂ ಒಂದೇ ಚಾಪೆಯಲ್ಲಿ ಕುಳಿತಿರುವರು. ಆರು ಬಗೆಯ ನಗೆಯನ್ನೂ ಎಬ್ಬಿಸಿ, ಮರುಕ್ಷಣದಲ್ಲಿ ಎಲ್ಲರನ್ನೂ ಮೌನಕ್ಕೆ ತರುವುದೇ ದಾಸರ ಸಾಮರ್ಥ್ಯ.

ಇದಕ್ಕೆ ವಿರಾಟಪರ್ವದ ಉತ್ತರಕುಮಾರನೇ ಸಾಕ್ಷಿ. ಅಂತಃಪುರದ ಹೆಂಗಸರ ಮುಂದೆ ಅವನು ಕೊಚ್ಚಿಕೊಳ್ಳುವ ಪೌರುಷವನ್ನು ಸ್ವರ ಬದಲಿಸಿ, ಮೀಸೆ ತಿರುವಿ ಆಡಿತೋರಿಸಿದರೆ ಮಕ್ಕಳು ಉರುಳಾಡಿ ನಗುವರು. ಚನ್ನಪಟ್ಟಣದ ಸಭೆಯಾದರೆ, ಆ ಶೌರ್ಯವನ್ನು ಅಲ್ಲಿಯ ಬಣ್ಣದ ಮರದ ಕುದುರೆಗೆ ಹೋಲಿಸಿದರೆ ಸಾಕು: ಹೊಳಪೇನೋ ಉಂಟು, ಓಟವಿಲ್ಲ! ಕೌರವಸೇನೆಯನ್ನು ಕಂಡು ಅವನು ರಥದಿಂದ ಧುಮುಕಿ ಓಡುವಾಗ ನಗೆಯು ಮೇರೆಮೀರುವುದು. ಆದರೆ ಕಥೆಯು ಅಲ್ಲಿಗೆ ನಿಲ್ಲುವುದೆ? ಬೃಹನ್ನಳೆಯ ವೇಷದ ಅರ್ಜುನನು ಅವನನ್ನು ಹಿಡಿದು ತಂದು, ಧೈರ್ಯಹೇಳಿ, ಕುದುರೆಗಳ ವಾಘೆಯನ್ನು ಅವನ ಕೈಗೇ ಕೊಡುವನು. ಓಡಿದವನೇ ಸಾರಥಿಯಾಗುವನು. ಆಗ ನಕ್ಕವರ ಗಂಟಲು ಬಿಗಿಯುವುದು. ತಮ್ಮೊಳಗೂ ಒಬ್ಬ ಉತ್ತರನಿರುವನೆಂದು ಅವರಿಗೆ ಹೊಳೆಯುವುದು. ನಗಿಸಿ ಕೈಬಿಡುವುದು ಪರಿಹಾಸ್ಯ; ನಗಿಸಿ ಕೈಹಿಡಿದೆತ್ತುವುದು ಹರಿಕಥೆ.

ಈ ಭೇದವನ್ನು ಮರೆತರೆ ನಷ್ಟವು ನಮ್ಮದು. ಭದ್ರಗಿರಿ ಅಚ್ಯುತದಾಸರು, ಗುರುರಾಜುಲು ನಾಯ್ಡು ಮೊದಲಾದವರ ಕಂಠವು ಒಂದು ಕಾಲದಲ್ಲಿ ಸಭೆಗಳನ್ನು ತುಂಬಿತು. ನಾಯ್ಡು ಅವರ ಕಥೆಗಳು ಧ್ವನಿಸುರುಳಿಗಳಲ್ಲಿ ಮನೆಮನೆಗೂ ಮುಟ್ಟಿದವು. ಇಂದು ಅನೇಕ ಉತ್ಸವಗಳಲ್ಲಿ ವಾದ್ಯಗೋಷ್ಠಿಗೆ ಜನ ಸೇರುವವರೆಗಿನ ಹೊತ್ತುಮಾತ್ರ ಹರಿಕಥೆಯ ಪಾಲಿಗೆ ಉಳಿದಿರುವುದು. ಅಷ್ಟರಲ್ಲಿ ಚಪ್ಪಾಳೆ ಬರಬೇಕೆಂದು ಕಥೆಯನ್ನು ಮೊಟಕುಮಾಡಿ, ಕುಂಟರನ್ನೂ ಕುರುಡರನ್ನೂ ಗೃಹಿಣಿಯರನ್ನೂ ಹೀಯಾಳಿಸುವ ಚಟಾಕಿಗಳನ್ನೇ ಪೋಣಿಸಿದರೆ, ಉತ್ತರನು ಓಡುವುದಷ್ಟೇ ಉಳಿದು, ಅವನು ಮರಳಿ ಬರುವುದು ಇಲ್ಲವಾಗುವುದು.

ಆದಕಾರಣ ಉತ್ಸವ ನಡೆಸುವ ಮಹನೀಯರು ಹರಿಕಥೆಗೆ ಪೂರ್ಣವಾದ ಒಂದು ಸಂಜೆಯನ್ನು ಕೊಡಲಿ. ಮುಂಬರುವ ಶ್ರೀರಾಮನವಮಿಗೆ ಪಾನಕ ಕೋಸಂಬರಿಗಳನ್ನು ಹಂಚುವ ಗೃಹಿಣಿಯರು ಮಕ್ಕಳನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಲಿ, ಮಂಗಳವಾಗುವವರೆಗೆ ಏಳದಿರಲಿ.