ಜೋಳಕ್ಕೊಂದು ಪುಸ್ತಕ

ಕಾಲೇಜು ಶುರುವಾಗುವ ಹೊತ್ತಿಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಕಡೆಯ ಮನೆಗಳಲ್ಲಿ ಒಂದು ಗಂಟು ಸಿದ್ಧವಾಗುತ್ತದೆ. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಬೆಳಗಾವಿಗೋ ಧಾರವಾಡಕ್ಕೋ ಸಾಂಗ್ಲಿಗೋ ಓದಲು ಹೊರಟ ಮಗನ ಇಲ್ಲವೆ ಮಗಳ ಚೀಲದಲ್ಲಿ ಪುಸ್ತಕಗಳಿಗಿಂತ ಮೊದಲು ಜಾಗ ಹಿಡಿಯುವುದು ಈ ಗಂಟೇ. ಹದಿನೈದು ದಿನಕ್ಕೆ ಅದು ಮುಗಿಯುತ್ತದೆ. ಆಮೇಲೆ ಊರಿಗೆ ಫೋನು.

“ಅವ್ವಾ, ರೊಟ್ಟಿ ಬಡಿಯಾಕ ಹ್ವಾದ್ರ ಹರೀತದ. ಏನ್ ಮಾಡ್ಲಿ?”

“ಎಸರು ಕುದಿಸಿ ಹಾಕಿದ್ಯೋ ಇಲ್ಲೋ?”

“ಎಷ್ಟು ಕುದೀಬೇಕು?”

ಅವ್ವನ ಬಳಿ ಇದಕ್ಕೆ ಉತ್ತರವಿಲ್ಲ. ಅವಳ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಬಾಡಿಗೆ ಕೋಣೆಯ ಹುಡುಗ ಅಡುಗೆ ಪುಸ್ತಕ ತೆರೆದರೆ, ಬಗೆಬಗೆಯ ತಿನಿಸುಗಳ ನಡುವೆ ರೊಟ್ಟಿಗೆ ಸಿಗುವುದು ಎರಡೋ ಮೂರೋ ಸಾಲು: ‘ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ತಟ್ಟಿ, ಬೇಯಿಸಿ.’ ರೊಟ್ಟಿ ಹರಿಯುವುದು ಆ ಸಾಲುಗಳ ನಡುವಿನ ಜಾಗದಲ್ಲಿ.

ಒಂದೇ ಪದಾರ್ಥಕ್ಕೆ, ಒಂದೇ ವಿಧಾನಕ್ಕೆ ಮೀಸಲಾದ ಅಡುಗೆ ಪುಸ್ತಕ ಬೇಕೆನಿಸುವುದು ಇಂಥಲ್ಲೇ.

ಇದೇನು ಹೊಸ ಯೋಚನೆಯಲ್ಲ. ಕ್ರಿ.ಶ. 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಒಂದು ಭಾಗವಿದೆ. ಮುಂದೆ 1508ರ ಸುಮಾರಿಗೆ ಕಲ್ಲಹಳ್ಳಿಯ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಹಿಟ್ಟಿನ ತಿನಿಸು, ಪಾನಕ, ಅನ್ನ ಎಂದು ವಿಂಗಡಿಸಿದ ಮೇಲೆ ಆತ ಬದನೆಕಾಯಿಯ ಅಡುಗೆಗೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ಮುಂದೆ ಹಲಸು, ಬಾಳೆ, ಕಳಲೆ, ನೆಲ್ಲಿಗಳ ಸರದಿ. ಮಂಗರಸ ಜೈನ ಕವಿ. ಜೈನ ರೈತ ಮನೆತನಗಳು ಹೆಚ್ಚಾಗಿರುವ ಈ ಸೀಮೆಯಲ್ಲಿ, ಕೃಷ್ಣೆಯ ದಂಡೆಯ ಬದನೆಕಾಯಿಗೆ ಇಂದಿಗೂ ಹೆಸರಿರುವ ಈ ಸೀಮೆಯಲ್ಲಿ, ಆ ಅಧ್ಯಾಯ ಯಾರಿಗೂ ಪರಕೀಯ ಎನಿಸದು.

ಹೊರಗಿನ ಪ್ರಪಂಚದಲ್ಲೂ ಇಂಥ ಪುಸ್ತಕಗಳಿವೆ. 1782ರಲ್ಲಿ ಜಪಾನಿನ ಒಸಾಕಾದಲ್ಲಿ ಸೋಯಾ ಗಿಣ್ಣಾದ ತೋಫುವಿನಿಂದ ಮಾಡುವ ನೂರು ಅಡುಗೆಗಳ ಪುಸ್ತಕ ಅಚ್ಚಾಯಿತು. ಅದನ್ನು ಜನ ಎಷ್ಟು ಮೆಚ್ಚಿದರೆಂದರೆ ಬೇರೆ ಬೇರೆ ಪದಾರ್ಥಗಳ ಮೇಲೂ ಅಂಥವೇ ಪುಸ್ತಕಗಳು ಹೊರಬಂದವು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1794-95ರ ಸುಮಾರಿಗೆ, ಬರೀ ಆಲೂಗಡ್ಡೆಯ ಅಡುಗೆಗಳ ಕಿರುಹೊತ್ತಿಗೆ ಬಂತು. ಅದು ರೊಟ್ಟಿಯ ಗೋದಿಗೆ ಜನ ಪರದಾಡುತ್ತಿದ್ದ ಕಾಲ.

ಇವೆಲ್ಲಕ್ಕಿಂತ ನಮ್ಮ ಕಡೆಯವರಿಗೆ ಹತ್ತಿರವಾದದ್ದು ಶೇಂಗಾದ ಕಥೆ. ಗುಲಾಮಗಿರಿಯಲ್ಲಿ ಹುಟ್ಟಿ ಕೃಷಿ ವಿಜ್ಞಾನಿಯಾದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಮೆರಿಕದ ಟಸ್ಕೀಗೀ ಸಂಸ್ಥೆಯಲ್ಲಿದ್ದರು. ವರ್ಷವರ್ಷವೂ ಹತ್ತಿಯನ್ನೇ ಬೆಳೆದು ಅಲ್ಲಿಯ ಬಡ ರೈತರ ಹೊಲ ಸೊರಗಿತ್ತು. ಶೇಂಗಾ ಬೆಳೆದರೆ ಮಣ್ಣಿಗೆ ಸಾರಜನಕ ಸೇರುತ್ತದೆ, ಮನೆಯವರ ಹೊಟ್ಟೆಗೂ ಆಧಾರವಾಗುತ್ತದೆ. ಆದರೆ ಬೆಳೆದದ್ದನ್ನು ಏನು ಮಾಡುವುದು? 1916ರಲ್ಲಿ ಕಾರ್ವರ್ ಪ್ರಕಟಿಸಿದ ಪುಸ್ತಿಕೆ ಶೇಂಗಾ ಬೆಳೆಯುವ ಕ್ರಮದ ಜೊತೆಗೆ ಅದನ್ನು ಊಟಕ್ಕೆ ಬಳಸುವ 105 ಬಗೆಗಳನ್ನೂ ಹೇಳಿತು. ಹೊಲದ ಪಾಠವನ್ನು ಅಡುಗೆಮನೆಯವರೆಗೆ ಒಯ್ದರು.

ಒಂದು ಬೆಳೆಯನ್ನು ಉಳಿಸಬೇಕಾದಾಗ ಇಲ್ಲವೆ ಜನರಿಗೆ ರೂಢಿ ಮಾಡಿಸಬೇಕಾದಾಗ ಇಂಥ ಪುಸ್ತಕ ಕೆಲಸಕ್ಕೆ ಬರುತ್ತದೆ. ಭಾರತದ ಸಲಹೆಯಂತೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಸಿರಿಧಾನ್ಯದ ಅಡುಗೆಗೆಂದೇ ಮೀಸಲಾದ ಪುಸ್ತಕಗಳು ಕನ್ನಡದಲ್ಲೂ ಬಂದವು.

ಇನ್ನು ನಮ್ಮ ಹೊಲಗಳನ್ನು ನೋಡಿ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಗುಂಟ ಚಿಕ್ಕೋಡಿ, ರಾಯಬಾಗ, ಕಾಗವಾಡದಲ್ಲಿ ಕಣ್ಣು ಹಾಯಿಸಿದಷ್ಟೂ ಕಬ್ಬು. ನಿಪ್ಪಾಣಿ ಎಂದರೆ ತಂಬಾಕು. ಮಳೆಗಾಲದಲ್ಲಿ ಸೋಯಾಬೀನ್. ಜೋಳ ಕಾಣಬೇಕಾದರೆ ಅಥಣಿಯ ಪೂರ್ವಕ್ಕೆ, ಒಣ ಬೇಸಾಯದ ಎರೆ ಭೂಮಿಯತ್ತ ಹೋಗಬೇಕು. ಕಬ್ಬಿನಿಂದ ಮನೆಗೆ ಹಣ ಬಂದದ್ದು ಸುಳ್ಳಲ್ಲ. ಮಕ್ಕಳ ಕಾಲೇಜು ಫೀ ಕಟ್ಟಿದ್ದೂ ಅದೇ. ಆದರೆ ಹೊಲ ಬಿಟ್ಟ ಕಾಳು ಅಡುಗೆಮನೆಯಿಂದಲೂ ಮೆಲ್ಲಗೆ ಕಾಲು ತೆಗೆಯುತ್ತದೆ. ಸೀತನಿ ಸುಡಲು ಎಳೆ ತೆನೆ ಎಲ್ಲಿದೆ? ಪಂಚಮಿಗೆ ಅಳ್ಳು ಹುರಿಯುವವರು ಯಾರು? ನುಚ್ಚು-ಮಜ್ಜಿಗೆ, ಅಂಬಲಿ, ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ ಖಾರದೊಡನೆ ಕುಟ್ಟಿ ಮಾಡುವ ಮುಟಗಿ, ಇವೆಲ್ಲ ಒಂದೇ ಜೋಳದ ಮಕ್ಕಳು. ಬಳಸದಿದ್ದರೆ ಹೆಸರಷ್ಟೇ ಉಳಿದೀತು.

ಪುಸ್ತಕವೊಂದು ಬರೀ ಜೋಳಕ್ಕೇ ಮೀಸಲಾದರೆ ‘ಹೇಗೆ’ ಎಂಬುದರ ಜೊತೆಗೆ ‘ಏಕೆ’ ಎಂಬುದಕ್ಕೂ ಜಾಗ ಸಿಗುತ್ತದೆ. ವಿದ್ಯಾರ್ಥಿಗಳಿಗೆ ಇದು ವಿಜ್ಞಾನದ ಪಾಠವೇ. ಗೋದಿ ಹಿಟ್ಟನ್ನು ನಾದಿದಾಗ ಗ್ಲುಟೆನ್ ಎಂಬ ಪ್ರೋಟೀನು ಎಳೆಎಳೆಯಾಗಿ ಹೆಣೆದುಕೊಂಡು ಕಣಕವನ್ನು ಹಿಡಿದಿಡುತ್ತದೆ. ಜೋಳದಲ್ಲಿ ಅದಿಲ್ಲ. ಅದರ ಬದಲು ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಸ್ವಲ್ಪ ಬೆಂದು ಅಂಟಾಗುತ್ತದೆ. ಆ ಅಂಟೇ ರೊಟ್ಟಿಯನ್ನು ಹರಿಯದಂತೆ ಕಾಯುವುದು. ನೀರು ಬೆಚ್ಚಗಿದ್ದರೆ ಸಾಲದು, ಮರಳಬೇಕು. ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುವುದೂ ಸುಮ್ಮನೆ ಅಲ್ಲ. ಒಣ ಹಿಟ್ಟು ನೆನೆದು ಮೇಲ್ಪದರ ಬಿರಿಯದೆ ಉಳಿಯುತ್ತದೆ. ಮುಂದೆ ಒಳಗಿನ ಉಗಿ ಹೊರಹೋಗಲಾರದೆ ರೊಟ್ಟಿಯನ್ನು ಉಬ್ಬಿಸುತ್ತದೆ. ಹಿಟ್ಟು ಬಹಳ ದಿನದ್ದಾದರೆ ಜಿಗಿ ಕಡಿಮೆಯಾಗುತ್ತದೆ. ಅದಕ್ಕೇ ಹಿರಿಯರು ಬೇಕಾದಷ್ಟೇ ಬೀಸಿಸಿ ತರುತ್ತಿದ್ದರು.

ಇನ್ನು ಅಳತೆಯ ಮಾತು. ಗಡಿಯಾಚೆಯ ಸಾಂಗ್ಲಿಯ ಕಮಲಾಬಾಯಿ ಓಗಲೆ 1970ರಲ್ಲಿ ‘ರುಚಿರಾ’ ಎಂಬ ಮರಾಠಿ ಅಡುಗೆ ಪುಸ್ತಕ ಹೊರತಂದರು. ಮನೆಯಲ್ಲಿರುವ ವಾಟಿ, ಚಮಚೆಗಳಲ್ಲೇ ಅಳತೆ ಕೊಟ್ಟದ್ದು ಹೊಸ ಗೃಹಿಣಿಯರಿಗೆ ವರವಾಯಿತು. ನಮ್ಮಲ್ಲಿ ರೊಟ್ಟಿ, ಅವರಲ್ಲಿ ಭಾಕರಿ. ಹೆಸರು ಎರಡು, ಹಿಟ್ಟು ಒಂದೇ. ‘ಹದ ನೋಡಿ ಹಾಕು’ ಎಂಬ ಅವ್ವನ ಮಾತನ್ನೂ ಹೀಗೆಯೇ ವಾಟಿಗೆ ಇಳಿಸಬಹುದು.

ಈ ಕೆಲಸಕ್ಕೆ ದೊಡ್ಡ ಪ್ರಕಾಶಕರನ್ನು ಕಾಯಬೇಕಿಲ್ಲ. ರಜೆಯಲ್ಲಿ ಊರಿಗೆ ಬಂದ ವಿದ್ಯಾರ್ಥಿ ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಒಲೆಯ ಪಕ್ಕ ಕೂತರೆ ಸಾಕು. ಆಯಿ ಹಿಟ್ಟು ಹಾಕುವ ಮೊದಲು ಅದನ್ನು ವಾಟಿಯಲ್ಲಿ ಅಳೆಯಲಿ, ನೀರನ್ನೂ ಅಳೆಯಲಿ, ಎಸರಿನಲ್ಲಿ ಏಳುವ ಗುಳ್ಳೆ ಸಣ್ಣದೋ ದೊಡ್ಡದೋ ಬರೆದುಕೊಳ್ಳಲಿ. ಆಮೇಲೆ ತಾನೇ ಮಾಡಿ ನೋಡಲಿ. ಹರಿದರೆ ಏಕೆ ಹರಿಯಿತೆಂದು ಅದನ್ನೂ ಬರೆಯಲಿ. ಇದು ಹೆಣ್ಣುಮಕ್ಕಳ ಕೆಲಸವೆಂದು ತಂದೆತಾಯಿ ಗಂಡುಮಕ್ಕಳನ್ನು ಎಬ್ಬಿಸಿ ಕಳಿಸಬಾರದು. ಬಾಡಿಗೆ ಕೋಣೆಯಲ್ಲಿ ಹಸಿವು ಇಬ್ಬರಿಗೂ ಒಂದೇ.

ಮುಂದಿನ ವರ್ಷ ಗಂಟು ಕಟ್ಟುವಾಗ ಕಟಕ ರೊಟ್ಟಿಯ ಪಕ್ಕದಲ್ಲಿ ಆ ನೋಟ್‌ಬುಕ್ಕೂ ಇರಲಿ. ರೊಟ್ಟಿ ಹದಿನೈದು ದಿನಕ್ಕೆ ಮುಗಿದೀತು. ಬರೆದಿಟ್ಟದ್ದು ಮೊಮ್ಮಕ್ಕಳವರೆಗೆ ಬಂದೀತು.