ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಕೀಲು ನೋವೇ?

ಥೈರಾಯ್ಡ್ ಜಾಸ್ತಿ ಇದೆ ಅಂತ ಮಾತ್ರೆ ಶುರು ಮಾಡಿದ್ದೀರಿ. ಎದೆಬಡಿತ ಹತೋಟಿಗೆ ಬಂತು, ಕೈನಡುಕ ನಿಂತಿತು. ಆದರೆ ಬೆಳಿಗ್ಗೆ ಎದ್ದರೆ ಮಣಿಕಟ್ಟು, ಮಂಡಿ, ಬೆರಳ ಗೆಣ್ಣೆಲ್ಲ ನೋವು. "ವಯಸ್ಸಾಯ್ತು, ಬಿಡು" ಅಂತ ಮನೆಯವರು ಹೇಳಬಹುದು. ದಯವಿಟ್ಟು ಹಾಗೇ ಬಿಡಬೇಡಿ.

ಒಂದು ಕಾರಣ ಕಾಯಿಲೆಯೇ ಇರಬಹುದು: ಥೈರಾಯ್ಡ್ ಹಾರ್ಮೋನ್ ಅತಿಯಾದಾಗ ಸ್ನಾಯುಗಳು ಸೊರಗುತ್ತವೆ. ನೆಲದ ಮೇಲೆ ಕೂತರೆ ಕೈ ಊರದೆ ಏಳಲಾಗದು, ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ. ಎಷ್ಟೋ ಜನ ಇದನ್ನೇ ಮಂಡಿ ಸವೆತ ಅಂದುಕೊಳ್ಳುತ್ತಾರೆ. ಕೆಲವರಿಗೆ ಭುಜ ಬಿಗಿದು, ತಲೆ ಬಾಚಲೂ ಕೈ ಮೇಲೇಳುವುದಿಲ್ಲ.

ಇನ್ನೊಂದು ಕಾರಣ ಮಾತ್ರೆಯೇ ಆಗಿರಬಹುದು. ಥೈರಾಯ್ಡ್ ತಗ್ಗಿಸಲು ಕೊಡುವ ಕಾರ್ಬಿಮಜೋಲ್ ಶುರುವಾದ ಮೊದಲ ವಾರಗಳಲ್ಲಿ, ಅಪರೂಪಕ್ಕೆ, ಕೀಲುಗಳು ನೋಯುತ್ತವೆ, ಊದುತ್ತವೆ. ಜೊತೆಗೆ ದದ್ದು ಏಳಬಹುದು. ಕಾರ್ಬಿಮಜೋಲ್ ಮೈಯೊಳಗೆ ಮೆಥಿಮಜೋಲ್ ಎಂಬ ಔಷಧಿಯಾಗಿಯೇ ಕೆಲಸ ಮಾಡುವುದರಿಂದ, ಒಂದನ್ನು ಬಿಟ್ಟು ಇನ್ನೊಂದನ್ನು ನುಂಗಿದರೆ ಉಪಯೋಗವಿಲ್ಲ. ವೈದ್ಯರಿಗೆ ಕೂಡಲೇ ತಿಳಿಸಿ, ಬೇರೆ ದಾರಿಗಳಿವೆ.

ಡೋಸ್ ಹೆಚ್ಚಾಗಿ ಹಾರ್ಮೋನ್ ತೀರಾ ಇಳಿದರೂ ಮೈಕೈ ನೋವೇ. ಆಗ ಟಿಎಸ್‌ಎಚ್ ಒಂದನ್ನೇ ನೋಡಿದರೆ ಸಾಲದು. ಅದು ಚೇತರಿಸಲು ತಿಂಗಳುಗಳೇ ಹಿಡಿಯಬಹುದು. ಫ್ರೀ ಟಿ4 ಕೂಡ ಮಾಡಿಸಿ.

ಬರೀ ನೋವೆಂದು ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ. ಆದರೆ ಜ್ವರ, ಗಂಟಲು ನೋವು ಅಥವಾ ಬಾಯಿಹುಣ್ಣು ಬಂದರೆ ಮಾತು ಬೇರೆ: ಈ ಔಷಧಿಯಿಂದ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿದಿರಬಹುದು. ಮುಂದಿನ ಮಾತ್ರೆ ತೆಗೆದುಕೊಳ್ಳಬೇಡಿ. ಅದೇ ದಿನ, ರಾತ್ರಿಯಾಗಿದ್ದರೂ ಸರಿ, ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿ.